ಕಾಂಪೊ ಇಂಪೆರಾತೋರೆ ಬೆಟ್ಟದ ರಸ್ತೆ: ರೋಮಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದೇ?

ಹೊಂಗೆನೆರಳು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ಅರವತ್ತೆಂಟು ವರ್ಷದ ನನ್ನ ತಾಯಿ ಇಟಲಿಗೆ ಹೊರಟಿದ್ದೇವೆ. ರೋಮಿನಲ್ಲಿ ಐದು ದಿನ ಉಳಿಯುವುದೆಂದು ತೀರ್ಮಾನವಾಗಿದೆ. ಅದರಲ್ಲಿ ಒಂದು ದಿನವನ್ನಾದರೂ ಮ್ಯೂಸಿಯಂ, ಚರ್ಚು, ಸರತಿ ಸಾಲು ಇವೆಲ್ಲವುಗಳಿಂದ ದೂರವಿದ್ದು, ಕಾರು ಬಾಡಿಗೆಗೆ ಪಡೆದು ಬೆಟ್ಟದ ಕಡೆಗೆ ಹೋಗಬೇಕೆಂಬ ಆಸೆ ನನ್ನದು. ಆಬ್ರುಝ್ಝೊ ಪ್ರಾಂತದ ಗ್ರಾನ್ ಸಾಸ್ಸೊ ಪರ್ವತದ ಮಡಿಲಲ್ಲಿರುವ ಕಾಂಪೊ ಇಂಪೆರಾತೋರೆ ಎಂಬ ಹುಲ್ಲುಗಾವಲಿನ ಚಿತ್ರಗಳನ್ನು ನೋಡಿದ ಮೇಲೆ ಬೇರೆ ಯಾವ ಜಾಗವೂ ಮನಸ್ಸಿಗೆ ಹಿಡಿಸುತ್ತಿಲ್ಲ.

ನಕ್ಷೆಯ ಪ್ರಕಾರ ರೋಮಿನಿಂದ ಅಲ್ಲಿಗೆ ಎರಡು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಬೆಳಿಗ್ಗೆ ಹೊರಟು, ಹುಲ್ಲುಗಾವಲನ್ನು ದಾಟಿ, ಸಾಂತೊ ಸ್ತೇಫಾನೊ ದಿ ಸೆಸ್ಸಾನಿಯೊ, ರೊಕ್ಕಾ ಕಲಾಶ್ಯೊ ಕೋಟೆ, ಕಾಸ್ತೆಲ್ ದೆಲ್ ಮೊಂತೆ ಈ ಮೂರನ್ನೂ ನೋಡಿ, ಸಾಧ್ಯವಾದರೆ ಆಚೆ ಬದಿಗಿಳಿದು ಪಿಂಗಾಣಿಗೆ ಹೆಸರಾದ ಕಾಸ್ತೆಲ್ಲಿಯನ್ನೂ ಮುಗಿಸಿ ರಾತ್ರಿ ಊಟದ ಹೊತ್ತಿಗೆ ರೋಮಿಗೆ ಮರಳುವುದು ನನ್ನ ಯೋಜನೆ. ನಾನು ಹದಿನೈದು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ, ಗೇರಿನ ಕಾರು ಅಭ್ಯಾಸವಿದೆ. ಆದರೆ ರಸ್ತೆಯ ಬಲಬದಿಯಲ್ಲಿ ಒಮ್ಮೆಯೂ ಓಡಿಸಿಲ್ಲ. ಮಗಳಿಗೆ ತಿರುವಿನ ರಸ್ತೆಯಲ್ಲಿ ವಾಂತಿಯಾಗುತ್ತದೆ. ತಾಯಿ ಮೊಟ್ಟೆಯನ್ನೂ ಮುಟ್ಟುವವರಲ್ಲ. ನನ್ನ ಪರವಾನಗಿ ಇಂಗ್ಲಿಷಿನಲ್ಲೇ ಇರುವುದರಿಂದ ಅದೊಂದೇ ಸಾಕಾಗುತ್ತದೆಂದು ಭಾವಿಸಿದ್ದೇನೆ. ಈ ಯೋಜನೆಯಲ್ಲಿ ತಪ್ಪುಗಳಿದ್ದರೆ ದಯವಿಟ್ಟು ಮುಲಾಜಿಲ್ಲದೆ ಹೇಳಿ.

ಕಣಗಿಲೆ:

ಮುಲಾಜಿಲ್ಲದೆ ಹೇಳಬೇಕೆಂದಿದ್ದೀರಿ, ಹಾಗಾಗಿ ಹೇಳುತ್ತೇನೆ: ಈ ಯೋಜನೆಯನ್ನು ಅರ್ಧಕ್ಕೆ ಇಳಿಸಿ, ಸಮಯವನ್ನು ಎರಡರಷ್ಟು ಮಾಡಿಕೊಳ್ಳಿ. ನಾನು ಕೆಲವು ವರ್ಷ ಲಾಕ್ವಿಲಾ ನಗರದಲ್ಲಿ ವಾಸವಿದ್ದವಳು. ಬೇಸಿಗೆಯ ಭಾನುವಾರಗಳಲ್ಲಿ ಈ ರಸ್ತೆಯ ಮೇಲೆ ನೆಂಟರನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೆಂಬ ಲೆಕ್ಕವೇ ತಪ್ಪಿಹೋಗಿದೆ. ಪ್ರತಿ ಸಲವೂ ಕಂಡ ಸಂಗತಿ ಒಂದೇ. ನಕ್ಷೆ ತೋರಿಸುವ ಸಮಯ ಎಲ್ಲಿಯೂ ನಿಲ್ಲದೆ ಓಡಿಸುವವನ ಸಮಯ, ಆದರೆ ಈ ರಸ್ತೆಗೆ ಬರುವುದೇ ನಿಲ್ಲುವುದಕ್ಕಾಗಿ.

ಮೊದಲು ಜಾಗದ ಸ್ವರೂಪವನ್ನು ತಿಳಿದುಕೊಳ್ಳಿ. ಕಾಂಪೊ ಇಂಪೆರಾತೋರೆ ಎಂಬುದು ಒಂದು ಶಿಖರವೋ ಕಣಿವೆಯೋ ಅಲ್ಲ. ಅಪೆನೈನ್ ಪರ್ವತಗಳ ನಡುವೆ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ, ಬಹುಪಾಲು 1500ರಿಂದ 1900 ಮೀಟರ್ ಎತ್ತರದಲ್ಲಿರುವ, ಮರವೇ ಇಲ್ಲವೆನ್ನಬಹುದಾದ ಹುಲ್ಲಿನ ಬಯಲು. ಅದರ ಉತ್ತರದ ಅಂಚಿಗೆ ಗೋಡೆಯಂತೆ ಕಾಮಿಚಿಯಾ, ಪ್ರೇನಾ ಮೊದಲಾದ ಸುಣ್ಣಕಲ್ಲಿನ ಶಿಖರಗಳು ನಿಂತಿವೆ. ವಾಯವ್ಯ ತುದಿಯಲ್ಲಿ 2912 ಮೀಟರ್ ಎತ್ತರದ ಕೋರ್ನೊ ಗ್ರಾಂದೆ ಇದೆ. ಅಪೆನೈನ್ ಸಾಲಿನಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಈ ಬಯಲಿಗೆ ಹತ್ತಲು ನಿಮಗೆ ಉಪಯೋಗವಾಗುವ ಬಾಗಿಲುಗಳು ಎರಡು. ಪಶ್ಚಿಮದಲ್ಲಿ ಅಸ್ಸೆರ್ಜಿ ಮತ್ತು ಫೊಂತೆ ಚೆರ್ರೇತೊ ಮೂಲಕ ಏರುವ ಎಸ್‌ಎಸ್ 17 ಬಿಸ್ ಎಂಬ ರಸ್ತೆ ಒಂದು; ದಕ್ಷಿಣದ ಹಳ್ಳಿಗಳಾದ ಸಾಂತೊ ಸ್ತೇಫಾನೊ ಅಥವಾ ಕಾಸ್ತೆಲ್ ದೆಲ್ ಮೊಂತೆಯಿಂದ ಏರುವ ಜಿಲ್ಲಾ ರಸ್ತೆಗಳು ಇನ್ನೊಂದು.

ಬಹುತೇಕ ಎಲ್ಲರೂ ಪಶ್ಚಿಮದಿಂದ ಹತ್ತುತ್ತಾರೆ, ಏಕೆಂದರೆ ಹೆದ್ದಾರಿ ಅಲ್ಲಿಗೇ ತಂದು ಬಿಡುತ್ತದೆ. ನೀವು ದಕ್ಷಿಣದಿಂದ ಹತ್ತಿ, ಪಶ್ಚಿಮದಿಂದ ಇಳಿಯಿರಿ. ರೋಮಿನಿಂದ ಎ24 ಹೆದ್ದಾರಿಯಲ್ಲಿ ಬಂದು ಲಾಕ್ವಿಲಾ ಎಸ್ತ್ ಎಂಬಲ್ಲಿ ಹೊರಬಿದ್ದು, ಎಸ್‌ಎಸ್ 17ರಲ್ಲಿ ಪೂರ್ವಕ್ಕೆ ಸಾಗಿ, ಬರಿಶ್ಯಾನೊ ಊರಿನಿಂದ ಸಾಂತೊ ಸ್ತೇಫಾನೊಗೆ ಏರಿ. ಅಲ್ಲೇ ಒಂದು ರಾತ್ರಿ ಉಳಿಯಿರಿ. ಮರುದಿನ ಬೆಳಿಗ್ಗೆ ಕಲಾಶ್ಯೊ, ಕಾಸ್ತೆಲ್ ದೆಲ್ ಮೊಂತೆ ದಾಟಿ ಫೊಂತೆ ವೇತಿಕಾ ಬಳಿ ಬಯಲಿಗೆ ಕಾಲಿಟ್ಟು, ಪಶ್ಚಿಮಾಭಿಮುಖವಾಗಿ ಇಡೀ ಬಯಲನ್ನು ದಾಟಿ. ಹೀಗೆ ಹೋದರೆ ಬೆಳಗಿನ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ, ಕೋರ್ನೊ ಗ್ರಾಂದೆ ಬಿಸಿಲಿಗೆ ಮುಖವೊಡ್ಡಿ ನಿಮ್ಮೆದುರಿಗೇ ನಿಂತಿರುತ್ತದೆ. ಪಶ್ಚಿಮದಿಂದ ಹೋದವರು ಬೆಳಗ್ಗೆ ಸೂರ್ಯನನ್ನೇ ಎದುರಿಗೆ ನೋಡುತ್ತಾ ಕಣ್ಣು ಕಿರಿದಾಗಿಸಿಕೊಂಡು ಓಡಿಸುತ್ತಾರೆ. ಮಧ್ಯಾಹ್ನದ ಮೇಲೆ ಆಡ್ರಿಯಾಟಿಕ್ ಸಮುದ್ರದ ಕಡೆಯಿಂದ ಮೋಡವೇರಿ ಶಿಖರಗಳು ಮುಚ್ಚಿಹೋಗುವುದು ಅಲ್ಲಿ ಸಾಮಾನ್ಯ, ಗುಡುಗು ಮಳೆಯೂ ಅಪರೂಪವಲ್ಲ. ಬೆಳಗಿನ ನಾಲ್ಕು ಗಂಟೆಗಳೇ ಆ ಬಯಲಿನ ಬಂಡವಾಳ. ರೋಮಿನಿಂದ ಅದೇ ದಿನ ಹೊರಟು ಬಂದವರು ಅದರಲ್ಲಿ ಅರ್ಧವನ್ನು ಹೆದ್ದಾರಿಯಲ್ಲೇ ಕಳೆದಿರುತ್ತಾರೆ.

ಕಾಸ್ತೆಲ್ಲಿಯನ್ನು ಈ ಸಲ ಬಿಟ್ಟುಬಿಡಿ. ಅದು ಪರ್ವತದ ಆಚೆ ಬದಿಯ ಊರು, ಮತ್ತು ಆ ಇಳಿಜಾರಿನಲ್ಲಿ ನಿಮ್ಮ ಮಗಳ ಹೊಟ್ಟೆ ನಿಮಗೆ ಸಹಕರಿಸುವುದಿಲ್ಲ.

ಪರವಾನಗಿಯ ವಿಷಯದಲ್ಲಿ ಒಂದು ಗಂಭೀರವಾದ ಮಾತು. ಅದು ಇಂಗ್ಲಿಷಿನಲ್ಲಿದ್ದರೆ ಸಾಲದು. ಭಾರತದ ಪರವಾನಗಿ ಹೊಂದಿರುವವರು ಇಟಲಿಯಲ್ಲಿ ಅದರ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಇಟ್ಟುಕೊಂಡಿರಲೇಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೂ ನಡೆಯುವುದಿಲ್ಲ. ಬಾಡಿಗೆ ಕಾರಿನ ಕೌಂಟರಿನಲ್ಲಿ ಯಾರೂ ಕೇಳದೆ ಕೀಲಿ ಕೊಟ್ಟರೂ, ದಾರಿಯಲ್ಲಿ ಪೊಲೀಸರು ನಿಲ್ಲಿಸಿದಾಗ ಅಥವಾ ಅಪಘಾತವಾಗಿ ವಿಮೆಯ ಪ್ರಶ್ನೆ ಬಂದಾಗ ಅದು ಬೇಕೇ ಬೇಕು.

ಎರಡನೇ ಗೇರ್:

ಕಣಗಿಲೆಯವರು ದಾರಿಯನ್ನು ಹೇಳಿದ್ದಾರೆ, ನಾನು ಕಾರಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಬಲಬದಿಯ ಚಾಲನೆಗೆ ನೀವು ಅಂದುಕೊಂಡಷ್ಟು ಹೆದರಬೇಕಾಗಿಲ್ಲ. ಎದುರಿಗೆ ವಾಹನಗಳು ಬರುತ್ತಿರುವಷ್ಟು ಹೊತ್ತೂ ಮನಸ್ಸು ತಾನಾಗಿ ಸರಿಯಾದ ಬದಿಯಲ್ಲೇ ಇರುತ್ತದೆ. ಅಪಾಯವಿರುವುದು ಖಾಲಿ ರಸ್ತೆಯಲ್ಲಿ. ಫೋಟೊ ತೆಗೆಯಲೆಂದು ಬದಿಗೆ ನಿಲ್ಲಿಸಿ, ಹತ್ತು ನಿಮಿಷ ಗಾಳಿ ಕುಡಿದು, ಮತ್ತೆ ಕಾರು ಹೊರಡಿಸುವ ಆ ಒಂದು ಕ್ಷಣದಲ್ಲಿ ಹಳೆಯ ಅಭ್ಯಾಸ ಕೈ ಹಿಡಿದು ಎಡಕ್ಕೆ ಎಳೆಯುತ್ತದೆ. ನನಗೆ ಎರಡು ಸಲ ಹಾಗಾಗಿದೆ, ಎರಡು ಸಲವೂ ಜನವಿಲ್ಲದ ಜಾಗದಲ್ಲೇ. ಪಕ್ಕದಲ್ಲಿ ಕುಳಿತವರಿಗೆ ಪ್ರತಿ ಸಲ ಕಾರು ಹೊರಟಾಗ 'ಬಲ' ಎಂದು ಬಾಯಿಬಿಟ್ಟು ಹೇಳುವ ಕೆಲಸ ವಹಿಸಿಬಿಡಿ. ನಿಮ್ಮ ಮಗಳಿಗೆ ಈ ಕೆಲಸ ಕೊಟ್ಟರೆ ಅವಳ ಗಮನವೂ ಹೊಟ್ಟೆಯಿಂದ ರಸ್ತೆಗೆ ತಿರುಗುತ್ತದೆ. ಗೇರು ಬಲಗೈಗೆ ಬರುವುದರಿಂದ ಮೊದಲ ಅರ್ಧ ಗಂಟೆ ಎಡಗೈ ಬಾಗಿಲಿಗೆ ಬಡಿಯುತ್ತಿರುತ್ತದೆ. ಅದು ಎಲ್ಲರಿಗೂ ಆಗುವುದೇ.

ಇಳಿಜಾರಿನಲ್ಲಿ ಬ್ರೇಕನ್ನು ನಂಬಿ ಕೂರಬೇಡಿ. ಬಯಲಿನಿಂದ ಫೊಂತೆ ಚೆರ್ರೇತೊವರೆಗಿನ ಇಳಿತ ನೂರಾರು ಮೀಟರುಗಳದ್ದು. ಮೂರನೆಯ ಗೇರಿನಲ್ಲಿ ಕಾರು ವೇಗ ಪಡೆಯುತ್ತಿದೆ ಎನ್ನಿಸಿದ ಕೂಡಲೇ ಎರಡಕ್ಕೆ ಇಳಿಸಿ, ಎಂಜಿನ್ ಗೊರಗುಟ್ಟಿದರೆ ಗೊರಗುಟ್ಟಲಿ. ಬ್ರೇಕನ್ನು ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಿ. ಉದ್ದಕ್ಕೂ ಕಾಲಿಟ್ಟುಕೊಂಡೇ ಇದ್ದರೆ ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ. ಹೇರ್‌ಪಿನ್ ತಿರುವಿಗೆ ಇಟಲಿಯವರು ತೊರ್ನಾಂತೆ ಎನ್ನುತ್ತಾರೆ. ಏರುವಾಗ ತಿರುವಿನೊಳಗೆ ಹೋದ ಮೇಲೆ ಗೇರು ಹುಡುಕಬಾರದು, ತಿರುವಿನ ಬಾಯಿಯಲ್ಲೇ ಎರಡಕ್ಕೆ ಹಾಕಿಕೊಂಡು ಒಳಹೋಗಬೇಕು.

ಕಿರಿದಾದ ಕಡೆ ಎರಡು ಕಾರುಗಳು ಎದುರಾದರೆ ಇಳಿಯುತ್ತಿರುವವರು ನಿಂತು ಬಲ ಅಂಚಿಗೆ ಸರಿಯಬೇಕೆಂಬುದು ಅಲ್ಲಿನ ಸಂಚಾರ ಕಾನೂನು. ಹಿಂದಕ್ಕೆ ಹೋಗದೆ ಗತಿಯಿಲ್ಲದಷ್ಟು ರಸ್ತೆ ಕಿರಿದಾಗಿದ್ದು, ಏರುತ್ತಿರುವವರ ಪಕ್ಕದಲ್ಲಿ ನಿಲ್ಲುವ ಜಾಗವಿದ್ದರೆ ಅವರು ನಿಲ್ಲಬೇಕು. ಊರಿನಾಚೆ ಹಗಲಲ್ಲೂ ಹೆಡ್‌ಲೈಟ್ ಉರಿಸಿಕೊಂಡೇ ಓಡಿಸಬೇಕು. ವೇಗದ ಮಿತಿ ಊರೊಳಗೆ 50, ಹೊರಗಿನ ಸಾಮಾನ್ಯ ರಸ್ತೆಯಲ್ಲಿ 90, ಹೆದ್ದಾರಿಯಲ್ಲಿ 130, ಮಳೆ ಬರುತ್ತಿದ್ದರೆ ಹೆದ್ದಾರಿಯಲ್ಲೂ 110. ಬಯಲಿನ ನೇರ ರಸ್ತೆಯಲ್ಲಿ 90ರಲ್ಲಿ ಹೋಗಬಹುದೆನ್ನಿಸುತ್ತದೆ, ಆದರೆ ಚಳಿಗಾಲದ ಹಿಮ ಡಾಂಬರನ್ನು ಅಲ್ಲಲ್ಲಿ ಸೀಳಿ ಉಬ್ಬಿಸಿರುತ್ತದೆ. ದನ, ಕುದುರೆಗಳಿಗೆ ಬೇಲಿಯಿಲ್ಲ. ವಾರಾಂತ್ಯದಲ್ಲಿ ಮೋಟಾರ್ ಸೈಕಲ್ಲಿನವರು ತಿರುವನ್ನು ಅಡ್ಡಹಾಯ್ದು ನಿಮ್ಮ ಬದಿಗೇ ಬಂದುಬಿಡುತ್ತಾರೆ. ನಾನಾದರೆ 60ರ ಮೇಲೆ ಹೋಗುವುದಿಲ್ಲ.

ಫಲಕಗಳ ಬಣ್ಣವನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಹಸಿರು ಎಂದರೆ ಟೋಲ್ ಹೆದ್ದಾರಿ, ನೀಲಿ ಎಂದರೆ ಊರುಗಳ ನಡುವಿನ ಉಳಿದ ರಸ್ತೆಗಳು, ಕಂದು ಎಂದರೆ ನೋಡುವ ಸ್ಥಳ. ಟೋಲಿನಲ್ಲಿ ಹಳದಿ ಬಣ್ಣದ ಟೆಲಿಪಾಸ್ (ನಮ್ಮ ಫಾಸ್ಟ್ಯಾಗ್‌ನಂಥದು) ಸಾಲಿಗೆ ಮಾತ್ರ ನುಗ್ಗಬೇಡಿ.

ಇನ್ನು ನನ್ನ ಒಂದು ಪೆದ್ದುತನವನ್ನು ಹೇಳಿಬಿಡುತ್ತೇನೆ. ನಾನು ಪಶ್ಚಿಮದಿಂದ ಹೋದವನು. ಅಸ್ಸೆರ್ಜಿಯಲ್ಲಿ ಹೆದ್ದಾರಿಯಿಂದ ಹೊರಬೀಳಬೇಕಿತ್ತು. ಲಾರಿಯೊಂದನ್ನು ಹಿಂದೆ ಹಾಕುವ ಹುಮ್ಮಸ್ಸಿನಲ್ಲಿ ಆ ತಿರುವು ತಪ್ಪಿತು. ತಪ್ಪಿದ ಮೇಲೆ ಹಿಂದಿರುಗಲು ದಾರಿಯೇ ಇಲ್ಲ, ಏಕೆಂದರೆ ಅಲ್ಲಿಂದ ಮುಂದೆ ಇರುವುದು ಗ್ರಾನ್ ಸಾಸ್ಸೊ ಪರ್ವತವನ್ನು ಕೊರೆದು ಮಾಡಿದ ಹತ್ತು ಕಿಲೋಮೀಟರಿನ ಸುರಂಗ. ನೋಡಬೇಕೆಂದು ಬಂದ ಬೆಟ್ಟದ ಹೊಟ್ಟೆಯೊಳಗೇ ಹೊಕ್ಕು, ಸುರಂಗದ ಪಕ್ಕದಲ್ಲಿ 1400 ಮೀಟರ್ ಬಂಡೆಯಡಿ ಭೌತವಿಜ್ಞಾನದ ಪ್ರಯೋಗಾಲಯವೊಂದು ಇದೆಯೆಂದು ಹೆಂಡತಿ ಮೊಬೈಲಿನಲ್ಲಿ ಓದಿ ಹೇಳುತ್ತಿರುವುದನ್ನು ಹಲ್ಲುಕಚ್ಚಿ ಕೇಳುತ್ತಾ, ಆಚೆ ಬದಿಯ ಕೊಲ್ಲೆದಾರಾದಲ್ಲಿ ಹೊರಬಿದ್ದು, ಮತ್ತೆ ಅದೇ ಸುರಂಗದಲ್ಲಿ ವಾಪಸಾದೆ. ನೀವು ಲಾಕ್ವಿಲಾ ಎಸ್ತ್‌ನಲ್ಲೇ ಹೊರಬೀಳುವುದಾದರೆ ಈ ಭಾಗ್ಯ ನಿಮಗಿಲ್ಲ.

ಸಂಜೆಮುಗಿಲು:

ಮೇಲಿನ ಇಬ್ಬರ ಅನುಭವಕ್ಕೆ ಗೌರವವಿಟ್ಟೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಒಂದೇ ದಿನದಲ್ಲಿ ಹೋಗಿ ಬರುವುದು ಅಸಾಧ್ಯವೇನಲ್ಲ. ಕಳೆದ ವರ್ಷ ಜೂನ್ ತಿಂಗಳಲ್ಲಿ ನಾವಿಬ್ಬರು ಬೆಳಿಗ್ಗೆ ಆರಕ್ಕೆ ರೋಮ್ ಬಿಟ್ಟು, ಎಂಟರ ಹೊತ್ತಿಗೆ ಫೊಂತೆ ಚೆರ್ರೇತೊದಲ್ಲಿ ಕಾಫಿ ಕುಡಿದು, ಪಶ್ಚಿಮದಿಂದಲೇ ಹತ್ತಿದೆವು. ಕಾಡು ಹಿಂದುಳಿದು, ಬೋಳು ಗುಡ್ಡಗಳ ನಡುವೆ ರಸ್ತೆ ಸುತ್ತಿ ಸುತ್ತಿ ಹೋಗಿ, ಒಂದು ತಿರುವಿನಾಚೆ ಇಡೀ ಬಯಲು ಒಮ್ಮೆಲೇ ತೆರೆದುಕೊಳ್ಳುವ ನೋಟ ದಕ್ಷಿಣದ ದಾರಿಯಲ್ಲಿ ಅಷ್ಟು ಹಠಾತ್ತಾಗಿ ಸಿಗುವುದಿಲ್ಲವೆಂದು ನನ್ನ ಭಾವನೆ. ಅಲ್ಲಿಂದ ಎಡಕ್ಕೆ ಹೊರಳಿ 2130 ಮೀಟರ್ ಎತ್ತರದ ಹಳೆಯ ಹೋಟೆಲಿನವರೆಗೂ ಕಾರು ಹೋಗುತ್ತದೆ. 1943ರಲ್ಲಿ ಮುಸ್ಸೊಲಿನಿಯನ್ನು ಸೆರೆಯಲ್ಲಿಟ್ಟಿದ್ದ ಕಟ್ಟಡವದು. ಆ ವರ್ಷದ ಸೆಪ್ಟೆಂಬರ್ 12ರಂದು ಜರ್ಮನ್ ಸೈನಿಕರು ಎಂಜಿನ್ನಿಲ್ಲದ ಗ್ಲೈಡರ್ ವಿಮಾನಗಳಲ್ಲಿ ಅದೇ ಇಳಿಜಾರಿಗೆ ಬಂದಿಳಿದು ಅವನನ್ನು ಬಿಡಿಸಿಕೊಂಡು ಹೋದರು. ಆ ಕಲ್ಲುಗುಂಡಿನ ಇಳಿಜಾರನ್ನು ಕಣ್ಣಾರೆ ಕಂಡಾಗ, ಅಲ್ಲಿ ವಿಮಾನ ಇಳಿಸುವ ಧೈರ್ಯ ಯಾರಿಗೆ ಬಂತೆಂದು ಆಶ್ಚರ್ಯವಾಗುತ್ತದೆ. ರಾತ್ರಿ ಒಂಬತ್ತಕ್ಕೆ ನಾವು ರೋಮಿನಲ್ಲಿದ್ದೆವು. ಎರಡು ದಿನ ಬಿಡುವಿಲ್ಲದವರು ಹೋಗಲೇಬಾರದೆನ್ನುವುದು ಸರಿಯಲ್ಲ.

ಕಣಗಿಲೆ:

ಸಂಜೆಮುಗಿಲು ಅವರೇ, ಹೋಗಲೇಬಾರದೆಂದು ನಾನು ಹೇಳಿಲ್ಲ. ಜೂನ್ ತಿಂಗಳ ಹಗಲು ಸೆಪ್ಟೆಂಬರಿನ ಹಗಲಿಗಿಂತ ಎರಡೂವರೆ ಗಂಟೆಗಿಂತಲೂ ಉದ್ದ. ಸೆಪ್ಟೆಂಬರ್ ನಡುವೆ ಏಳೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ನೀವಿಬ್ಬರೇ ಇದ್ದಿರಿ, ಇವರ ಜೊತೆಗೆ ವಯಸ್ಸಾದ ತಾಯಿಯೂ ಪುಟ್ಟ ಮಗುವೂ ಇದ್ದಾರೆ. ಹಳ್ಳಿಗಳನ್ನು ನೀವು ನೋಡಿದಿರೋ ಇಲ್ಲವೋ ಎಂಬುದನ್ನು ಬರೆದಿಲ್ಲ. ನೋಡಿಲ್ಲವೆಂದೇ ನನ್ನ ಊಹೆ.

ಹಳ್ಳಿಗಳನ್ನು ಬಿಟ್ಟರೆ ಆ ಬಯಲು ಅರ್ಥವಾಗುವುದಿಲ್ಲ, ಅದಕ್ಕಾಗಿಯೇ ದಕ್ಷಿಣದ ದಾರಿಯನ್ನು ಒತ್ತಿ ಹೇಳುತ್ತಿದ್ದೇನೆ. ಶತಮಾನಗಳ ಕಾಲ ಆ ಹುಲ್ಲುಗಾವಲಿನ ಒಡೆಯರೆಂದರೆ ಕುರಿಗಳು. ಬೇಸಿಗೆಯಲ್ಲಿ ಮೇಲೆ ಮೇಯ್ದು, ಶರತ್ಕಾಲದಲ್ಲಿ ದಕ್ಷಿಣದ ಪುಲ್ಯಾ ಪ್ರಾಂತದ ಬಯಲಿಗೆ ಕಾಲ್ನಡಿಗೆಯಲ್ಲಿ ಇಳಿದು, ವಸಂತದಲ್ಲಿ ಮರಳುತ್ತಿದ್ದವು. ಲಾಕ್ವಿಲಾದಿಂದ ಫೊಜ್ಜಾವರೆಗಿನ ಕುರಿಹಾದಿ 244 ಕಿಲೋಮೀಟರ್ ಉದ್ದ ಮತ್ತು 111 ಮೀಟರ್ ಅಗಲವಿತ್ತೆಂದರೆ ಹಿಂಡುಗಳ ಗಾತ್ರವನ್ನು ನೀವೇ ಅಂದಾಜು ಮಾಡಿಕೊಳ್ಳಿ. 2019ರಲ್ಲಿ ಯುನೆಸ್ಕೊ ಈ ವಲಸೆ ಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸಾಂತೊ ಸ್ತೇಫಾನೊ ಎಂಬ ಪುಟ್ಟ ಹಳ್ಳಿಗೆ ಫ್ಲಾರೆನ್ಸಿನ ಮೆಡಿಚಿ ಮನೆತನದವರು 16ನೆಯ ಶತಮಾನದ ಕೊನೆಗೆ ಒಡೆಯರಾದದ್ದೂ ಉಣ್ಣೆಯ ಆಸೆಯಿಂದಲೇ. ಊರ ಬಾಗಿಲಿನ ಮೇಲೆ ಅವರ ಲಾಂಛನ ಇಂದಿಗೂ ಇದೆ. ಊರ ನಡುವಿನ ಗುಂಡು ಗೋಪುರ 2009ರ ಏಪ್ರಿಲ್ 6ರ ಭೂಕಂಪದಲ್ಲಿ ಕುಸಿದು ಬಿತ್ತು. ಈಗ ಕಾಣುವುದು ಮರಳಿ ಕಟ್ಟಿದ್ದು.

ರೊಕ್ಕಾ ಕಲಾಶ್ಯೊಗೆ ಕಾರನ್ನು ಕೊನೆಯವರೆಗೆ ಒಯ್ಯುವ ಯೋಚನೆ ಬೇಡ. ಕೆಳಗಿನ ಕಲಾಶ್ಯೊ ಊರಿನಲ್ಲಿ ಬಿಟ್ಟು ನಡೆಯಿರಿ. ಕೋಟೆಯಿರುವುದು ಸುಮಾರು 1460 ಮೀಟರ್ ಎತ್ತರದಲ್ಲಿ. ತಾಯಿಯವರಿಗೆ ಪೂರ್ತಿ ಏರಲು ಆಗದಿದ್ದರೆ ಕೋಟೆಗಿಂತ ಸ್ವಲ್ಪ ಕೆಳಗಿರುವ ಎಂಟು ಮೂಲೆಯ ಚರ್ಚಿನವರೆಗೆ ನಿಧಾನವಾಗಿ ಕರೆದೊಯ್ಯಿರಿ. ಅಲ್ಲಿಂದ ಕಾಣುವುದೂ ಕಡಿಮೆಯೇನಲ್ಲ.

ನಾಯಿಗಳ ವಿಷಯವನ್ನು ಯಾರೂ ಹೇಳಿಲ್ಲವಾದ್ದರಿಂದ ನಾನು ಹೇಳಬೇಕು. ಸೆಪ್ಟೆಂಬರಿನಲ್ಲಿ ಹಿಂಡುಗಳು ಇನ್ನೂ ಮೇಲೆಯೇ ಇರುತ್ತವೆ ಮತ್ತು ರಸ್ತೆಯನ್ನು ದಾಟುತ್ತವೆ. ಮೊದಲು ಗಂಟೆಗಳ ಸದ್ದು, ಆಮೇಲೆ ರಸ್ತೆಯ ಅಂಚಿನಲ್ಲಿ ಒಂದು ಬೂದುಬಿಳಿ ತಲೆ, ನೋಡನೋಡುತ್ತಲೇ ಡಾಂಬರು ಕಾಣದಷ್ಟು ಬೆನ್ನುಗಳು. ಕಾರಿನ ಎರಡೂ ಬದಿಗೆ ಉಜ್ಜಿಕೊಂಡು ಹೋಗುತ್ತವೆ. ಗಾಜಿಳಿಸಿದರೆ ಉಣ್ಣೆಯ ಜಿಡ್ಡಿನ ವಾಸನೆ ಒಳಕ್ಕೇ ಬರುತ್ತದೆ. ಹಿಂಡಿನ ಹಿಂದೆ ಮುಂದೆ ದೊಡ್ಡ ಬಿಳಿಯ ಮಾರೆಮ್ಮಾನೊ ಜಾತಿಯ ಕಾವಲು ನಾಯಿಗಳಿರುತ್ತವೆ. ತೋಳಗಳಿರುವ ಸೀಮೆಯಾದ್ದರಿಂದ ಕೆಲವಕ್ಕೆ ಕಬ್ಬಿಣದ ಮುಳ್ಳಿನ ಕೊರಳಪಟ್ಟಿ ಹಾಕಿರುತ್ತಾರೆ. ಅವು ಸಾಕುಪ್ರಾಣಿಗಳಂತೆ ಕಂಡರೂ ಮುದ್ದು ಮಾಡಿಸಿಕೊಳ್ಳುವ ನಾಯಿಗಳಲ್ಲ. ಎಂಜಿನ್ ನಿಲ್ಲಿಸಿ ಕಾಯಿರಿ, ಹಾರನ್ ಒತ್ತಬೇಡಿ, ಮಗಳನ್ನು ಫೋಟೊಕ್ಕೆಂದು ಕೆಳಗಿಳಿಸಬೇಡಿ. ನಡೆದು ಹೋಗುವಾಗ ಹಿಂಡು ಎದುರಾದರೆ ದೂರದಿಂದ ಸುತ್ತಿ ಹೋಗಿ.

ಹವಾಮಾನವನ್ನೂ ಹಗುರವಾಗಿ ಕಾಣಬೇಡಿ. ಫೊಂತೆ ವೇತಿಕಾದಲ್ಲಿ ಒಂದು ಸ್ಮಾರಕವಿದೆ. 1919ರ ಅಕ್ಟೋಬರಿನಲ್ಲಿ ಹಠಾತ್ತಾಗಿ ಎದ್ದ ಹಿಮಗಾಳಿಗೆ ಸಿಕ್ಕಿ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಪ್ರಾಣ ಬಿಟ್ಟ ಕುರಿಗಾಹಿಯದು ಅದು. ಹುಟ್ಟಿದಾಗಿನಿಂದ ಆ ಬೆಟ್ಟವನ್ನು ಬಲ್ಲವರಿಗೇ ಹಾಗಾಯಿತು. ನಿಮಗೆ ಸೆಪ್ಟೆಂಬರಿನಲ್ಲಿ ಹಿಮದ ಭಯವಿಲ್ಲ, ಆದರೆ ಲಾಕ್ವಿಲಾದಲ್ಲಿ ಇದ್ದದ್ದಕ್ಕಿಂತ ಮೇಲೆ ಹತ್ತು ಡಿಗ್ರಿಯಷ್ಟು ತಂಪಿರುತ್ತದೆ, ಗಾಳಿ ಬೇರೆ. ಎಲ್ಲರಿಗೂ ಒಂದೊಂದು ದಪ್ಪ ಅಂಗಿ ಇರಲಿ. ಚಳಿಗಾಲದಲ್ಲಿ ಹೋಗುವ ಯೋಚನೆಯಿರುವ ಬೇರೆ ಓದುಗರಿಗೆ: ಹಿಮ ಬಿದ್ದ ಮೇಲೆ ಬಯಲಿನ ರಸ್ತೆಯನ್ನು ಮುಚ್ಚುತ್ತಾರೆ, ಆಗ ಹೋಟೆಲಿಗೆ ಫೊಂತೆ ಚೆರ್ರೇತೊದ ರೋಪ್‌ವೇ ಒಂದೇ ದಾರಿ. ಕೆಳಗಿನ ರಸ್ತೆಗಳಲ್ಲೂ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಟೈರು ಇಲ್ಲವೇ ಕಾರಿನಲ್ಲಿ ಹಿಮದ ಸರಪಳಿ ಇರುವುದು ಕಡ್ಡಾಯ.

ಹೊಂಗೆನೆರಳು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ರೋಮಿನ ಒಂದು ರಾತ್ರಿಯನ್ನು ರದ್ದುಮಾಡಿ ಸಾಂತೊ ಸ್ತೇಫಾನೊದಲ್ಲಿ ಕೊಠಡಿ ಕಾಯ್ದಿರಿಸಿದ್ದೇನೆ, ಕಾಸ್ತೆಲ್ಲಿಯನ್ನು ಕೈಬಿಟ್ಟಿದ್ದೇನೆ. ಅಂತರರಾಷ್ಟ್ರೀಯ ಪರವಾನಗಿಗೆ ಅರ್ಜಿ ಸಲ್ಲಿಸಿದ್ದೇನೆ. ಇದೊಂದು ಮಾತಿಗೇ ನಾನು ಕಣಗಿಲೆಯವರಿಗೆ ಋಣಿ. ಉಳಿದಿರುವ ಪ್ರಶ್ನೆಗಳು ಎರಡು: ತಾಯಿಯವರ ಊಟ ಮತ್ತು ಪೆಟ್ರೋಲ್.

ಎರಡನೇ ಗೇರ್:

ಪೆಟ್ರೋಲ್ ನನ್ನ ಪಾಲಿಗಿರಲಿ. ಬಯಲಿನ ಮೇಲೆ ಬಂಕ್ ಇಲ್ಲ. ಎಸ್‌ಎಸ್ 17ರಲ್ಲೇ ಟ್ಯಾಂಕ್ ತುಂಬಿಸಿಕೊಂಡು ಏರಿ. ಬಂಕಿನಲ್ಲಿ 'ಸೆಲ್ಫ್' ಎಂದಿರುವ ಕಡೆ ನೀವೇ ತುಂಬಿಸಿಕೊಳ್ಳಬೇಕು, 'ಸೆರ್ವೀತೊ' ಎಂದಿರುವ ಕಡೆ ಅವರು ತುಂಬಿಸುತ್ತಾರೆ, ಲೀಟರಿಗೆ ದರ ಹೆಚ್ಚು. ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತು ಭಾನುವಾರ ಸಿಬ್ಬಂದಿ ಇರುವುದಿಲ್ಲ, ಯಂತ್ರ ಮಾತ್ರ. 'ಗಾಸೋಲಿಯೊ' ಎಂದರೆ ಡೀಸೆಲ್, 'ಬೆಂಜಿನಾ' ಎಂದರೆ ಪೆಟ್ರೋಲ್; ಸಂದೇಹವಿದ್ದರೆ ಟ್ಯಾಂಕಿನ ಮುಚ್ಚಳದ ಮೇಲಿನ ಗುರುತನ್ನು ನೋಡಿ, ಪೆಟ್ರೋಲಿಗೆ ವೃತ್ತದೊಳಗೆ ಇ5, ಡೀಸೆಲಿಗೆ ಚೌಕದೊಳಗೆ ಬಿ7 ಎಂದಿರುತ್ತದೆ. ಮೇಲೆ ಮೊಬೈಲ್ ಸಂಕೇತವೂ ಎಲ್ಲ ಕಡೆ ಸಿಗುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ನಕ್ಷೆ ಜಲ್ಲಿರಸ್ತೆಗೆ ತಿರುಗಿಸಿದರೆ ತಿರುಗಬೇಡಿ, ಏಕೆಂದರೆ ಡಾಂಬರಿಲ್ಲದ ರಸ್ತೆಯಲ್ಲಾದ ಹಾನಿಗೆ ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ನನಗೆ ಕಾರು ಕೊಟ್ಟ ಸಂಸ್ಥೆಯೊಂದು ಕೆಳಭಾಗದ ಒಂದು ಗೀಚಿಗೆ ಮುನ್ನೂರು ಯೂರೊ ಕಿತ್ತುಕೊಂಡಿತು. ಹೊರಡುವ ಮುನ್ನ ನಾಲ್ಕೂ ಬದಿಯ ವಿಡಿಯೊ ತೆಗೆದಿಟ್ಟುಕೊಳ್ಳಿ. ರೋಮ್ ಮತ್ತು ಲಾಕ್ವಿಲಾದ ಹಳೆಯ ಊರಿನೊಳಗೆ 'ಝಡ್‌ಟಿಎಲ್' (ವಾಹನ ಸಂಚಾರ ನಿರ್ಬಂಧಿತ ವಲಯ) ಎಂಬ ಫಲಕ ಕಂಡರೆ ಒಳಹೋಗಬೇಡಿ. ಕ್ಯಾಮೆರಾ ಇರುತ್ತದೆ, ದಂಡದ ಪತ್ರ ತಿಂಗಳುಗಳ ನಂತರ ಮನೆಗೇ ಬರುತ್ತದೆ.

ಕಣಗಿಲೆ:

ಸಾಂತೊ ಸ್ತೇಫಾನೊ ತನ್ನ ಪುಟ್ಟ ಕಂದು ಮಸೂರಕ್ಕೆ ಹೆಸರಾದ ಊರು. ಸಾವಿರ ಮೀಟರಿಗೂ ಮೇಲಿನ ಕಲ್ಲುಭೂಮಿಯಲ್ಲಿ ಬೆಳೆಯುವ ಆ ಕಾಳು ನೆನೆಹಾಕದೆಯೇ ಬೇಯುತ್ತದೆ. ತಾಯಿಯವರಿಗೆ ಅದರ ಸಾರು 'ಜುಪ್ಪಾ ದಿ ಲೆಂತಿಕ್ಕಿಯೆ' ಒಗ್ಗುತ್ತದೆ. ಆದರೆ ಹಂದಿಯ ಮಾಂಸದ ಚೂರು ಹಾಕುವ ರೂಢಿ ಇರುವುದರಿಂದ 'ಸೆಂತ್ಸಾ ಕಾರ್ನೆ' ಎಂದು ಹೇಳಲು ಮರೆಯಬಾರದು. ಅಲ್ಲಿನ ಕುರಿಹಾಲಿನ ಗಿಣ್ಣಿಗೆ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ, ಕಟ್ಟುನಿಟ್ಟಿನವರಾದರೆ ಅದನ್ನು ಮೊದಲೇ ತಿಳಿಸಿಬಿಡಿ. ನೀವು ಮಾಂಸ ತಿನ್ನುವವರಾದರೆ ಫೊಂತೆ ವೇತಿಕಾ ಬಳಿ ಕುರಿಮಾಂಸದ ಸಣ್ಣ ಚೂರುಗಳನ್ನು ಕಡ್ಡಿಗೆ ಚುಚ್ಚಿದ ಅರ್ರೊಸ್ತಿಚೀನಿಯನ್ನು ಎಣಿಕೆಯ ಲೆಕ್ಕದಲ್ಲಿ ಕೊಂಡು, ಹೊರಗೆ ಉರಿಯುತ್ತಿರುವ ದೋಣಿಯಾಕಾರದ ಕೆಂಡದ ಒಲೆಗಳ ಮೇಲೆ ನೀವೇ ಸುಟ್ಟುಕೊಳ್ಳಬಹುದು. ಮಗಳಿಗೆ ಮಾತ್ರ ತಿರುವುಗಳು ಮುಗಿಯುವ ತನಕ ಬ್ರೆಡ್ಡಿಗಿಂತ ಹೆಚ್ಚಿನದನ್ನು ಕೊಡಬೇಡಿ.

ಹೊಂಗೆನೆರಳು:

ಮೊನ್ನೆ ಮರಳಿದೆವು. ಸಲಹೆ ಕೊಟ್ಟವರಿಗೆ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಸಾಂತೊ ಸ್ತೇಫಾನೊ ತಲುಪಿದ ಸಂಜೆ ಮಂಜು ಕವಿದು ಎದುರು ಮನೆಯೂ ಕಾಣುತ್ತಿರಲಿಲ್ಲ. ಒಂದೇ ದಿನದ ಯೋಜನೆಯಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಮರುದಿನ ಆರೂವರೆಗೆ ಕಿಟಕಿ ತೆರೆದರೆ ಒಂದೇ ಒಂದು ಮೋಡವಿಲ್ಲ. ಕೋಟೆಯನ್ನು ನಾನೂ ಮಗಳೂ ಹತ್ತಿದೆವು. ತಾಯಿ ಎಂಟು ಮೂಲೆಯ ಚರ್ಚಿನ ಕಟ್ಟೆಯ ಮೇಲೆ ಕುಳಿತು, ಬುಟ್ಟಿ ಹಿಡಿದು ಬಂದ ಅಜ್ಜಿಯೊಬ್ಬರೊಂದಿಗೆ ಅವರು ಇಟಾಲಿಯನ್ನಿನಲ್ಲಿ, ಇವರು ಕನ್ನಡದಲ್ಲಿ, ಅರ್ಧ ಗಂಟೆ ಮಾತಾಡಿದರು. ಏನು ಮಾತೆಂದು ಕೇಳಿದರೆ ಮಂಡಿನೋವಿನದೆಂದರು.

ಕಾಸ್ತೆಲ್ ದೆಲ್ ಮೊಂತೆಯ ಮೇಲಿನ ಏರಿನಲ್ಲಿ ಮಗಳಿಗೆ ಒಮ್ಮೆ ವಾಂತಿಯಾಯಿತು, ಆಮೇಲೆ ಅವಳು ಸರಿಹೋದಳು. 'ಬಲ' ಎಂದು ಹೇಳುವ ಕೆಲಸವನ್ನು ರೋಮಿನ ವಿಮಾನ ನಿಲ್ದಾಣದವರೆಗೂ ಬಿಡಲಿಲ್ಲ. ಬಯಲಿನಲ್ಲಿ ಹೇಳಿದಂತೆಯೇ ಬಿಸಿಲು ಬೆನ್ನಿಗಿತ್ತು. ಕುರಿಹಿಂಡು ಎದುರಾಗಲಿಲ್ಲ, ಕುದುರೆಗಳು ಎದುರಾದವು. ಏಳೆಂಟು ಕುದುರೆಗಳು ರಸ್ತೆಯ ನಡುವೆ ನಿಂತು, ಒಂದು ನಮ್ಮ ಕಾರಿನ ಕನ್ನಡಿಯನ್ನು ನೆಕ್ಕುತ್ತಾ, ಇಪ್ಪತ್ತು ನಿಮಿಷ ಅಲುಗಾಡಲಿಲ್ಲ. ಇಳಿಯುವಾಗ ಎರಡನೆಯ ಗೇರಿನಲ್ಲೇ ಇದ್ದೆ, ಹಿಂದಿನವರು ಮೂರು ಸಲ ಹಾರನ್ ಹೊಡೆದರು. ನಿಲ್ಲುವ ಜಾಗ ಸಿಕ್ಕ ಕಡೆಯೆಲ್ಲ ಸರಿದು ಅವರನ್ನು ಮುಂದೆ ಬಿಟ್ಟೆ. ಹತ್ತೂವರೆಯ ಹೊತ್ತಿಗೆ ಕೋರ್ನೊ ಗ್ರಾಂದೆಯ ತುದಿಗೆ ಮೊದಲ ಮೋಡ ಸಿಕ್ಕಿಕೊಂಡಿತು, ಹನ್ನೆರಡಕ್ಕೆ ಬೆಟ್ಟವೇ ಇರಲಿಲ್ಲ.

ಪೆಟ್ರೋಲಿನ ಬಗ್ಗೆ ಮುಂದೆ ಹೋಗುವವರಿಗೆ ಒಂದು ಸೇರ್ಪಡೆ. ಭಾನುವಾರವಾದ್ದರಿಂದ ಬಂಕಿನಲ್ಲಿ ಯಂತ್ರ ಮಾತ್ರ ಇತ್ತು. ಅದು ನನ್ನ ಎರಡೂ ಕಾರ್ಡುಗಳನ್ನು ತಿರಸ್ಕರಿಸಿತು. ಐವತ್ತು ಯೂರೊ ನೋಟನ್ನು ತುರುಕಿದೆ. ಮೂವತ್ತೆಂಟಕ್ಕೇ ಟ್ಯಾಂಕ್ ತುಂಬಿತು. ಯಂತ್ರ ಚಿಲ್ಲರೆ ಕೊಡುವುದಿಲ್ಲ, ಉಳಿದ ಹಣಕ್ಕೆ ಒಂದು ಚೀಟಿ ಕೊಡುತ್ತದೆ. ಅದನ್ನು ಅದೇ ಬಂಕಿನಲ್ಲಿ, ಸಿಬ್ಬಂದಿ ಇರುವ ದಿನ, ತೋರಿಸಿ ಪಡೆಯಬೇಕಂತೆ. ಹನ್ನೆರಡು ಯೂರೊ ಚೀಟಿ ನನ್ನ ಪರ್ಸಿನಲ್ಲಿದೆ. ಅತ್ತ ಹೋಗುವವರಿದ್ದರೆ ತಿಳಿಸಿ, ಕಳಿಸಿಕೊಡುತ್ತೇನೆ.